ಕೊಯ್ಲಿನ ಕಾಲಕ್ಕೆ ಬರುವ ನಾಯಿಮರಿ

ತೋಟದ ಮನೆಗಳಿಗೆ ನಾಯಿಮರಿ ಬರುವುದು ಹೆಚ್ಚಾಗಿ ಯಾವ ತಿಂಗಳಲ್ಲಿ ಎಂಬುದನ್ನು ಬೆಳೆಗಾರ ಬಂಧುಗಳು ಗಮನಿಸಿರಬಹುದು. ನಮ್ಮ ಊರ ನಾಯಿಗಳು ಬೆದೆಗೆ ಬರುವುದು ಮಳೆಗಾಲದ ಕೊನೆಯಿಂದ ಕಾರ್ತಿಕದವರೆಗೆ ಹೆಚ್ಚು. ಗರ್ಭದ ಅವಧಿ ಸುಮಾರು 63 ದಿನ. ಹುಟ್ಟಿದ ಮರಿಯನ್ನು ತಾಯಿಯಿಂದ ಬಿಡಿಸಲು ಇನ್ನೂ ಎಂಟು ವಾರ ಕಾಯಬೇಕು. ಲೆಕ್ಕ ಹಾಕಿ ನೋಡಿದರೆ ಮರಿ ನಮ್ಮ ಜಗಲಿ ಹತ್ತುವುದು ಡಿಸೆಂಬರ್ ಮತ್ತು ಮಾರ್ಚ್ ನಡುವೆ. ಅರೇಬಿಕಾ ಕಣದಲ್ಲಿರುತ್ತದೆ, ರೋಬಸ್ಟಾ ಕೊಯ್ಲು ಹಿಂದೆಯೇ ಬರುತ್ತದೆ, ಕರಾವಳಿಯಲ್ಲಾದರೆ ಚಾಲಿ ಅಡಿಕೆ ಅಂಗಳದ ತುಂಬ ಹರಡಿರುತ್ತದೆ. ವರ್ಷದ ದುಡಿಮೆಯೆಲ್ಲ ನೆಲದ ಮೇಲೆ ಬಿದ್ದುಕೊಂಡಿರುವ ಹೊತ್ತಿಗೇ ಎಲ್ಲಿ ಬೇಕಾದರಲ್ಲಿ ಗಲೀಜು ಮಾಡುವ ಒಂದು ಪ್ರಾಣಿ ಮನೆಗೆ ಬರುತ್ತದೆ ಎಂದಾಯಿತು.

ಪಟ್ಟಣದ ಮನೆಗೆ ಇದು ಜಮಖಾನೆ ಒದ್ದೆಯಾಗುವ ಪ್ರಶ್ನೆ. ನಮಗೆ ಮಾಲಿನ ಪ್ರಶ್ನೆ. ಕಾಫಿ ಹಣ್ಣು ಕಣದಲ್ಲಿ 12ರಿಂದ 15 ದಿನ ಇರುತ್ತದೆ, ಚಾಲಿ ಅಡಿಕೆ ಸುಮಾರು 40 ದಿನ. ಕಾಫಿಬೀಜ ಪಕ್ಕದ ವಾಸನೆಯನ್ನು ಎಷ್ಟು ಬೇಗ ಹೀರಿಕೊಳ್ಳುತ್ತದೆ ಎಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾದ್ದಿಲ್ಲ. ಸಂಜೆ ರಾಶಿ ಮಾಡಿದ ಹಣ್ಣಿನ ಬೆಚ್ಚಗಿನ ಮಗ್ಗುಲು ಮರಿಗೆ ಬಲು ಇಷ್ಟ. ಅಲ್ಲಿ ಒಮ್ಮೆ ಮೂತ್ರ ಮಾಡಿತೆಂದರೆ ಆ ಭಾಗ ಹಸಿಯಾಗಿ, ಬೂಸ್ಟು ಹಿಡಿದು, ಮಾರನೆಯ ದಿನ ಹರಡುವಾಗ ಉಳಿದದ್ದರ ಜೊತೆ ಸೇರಿ ಹೋಗುತ್ತದೆ. ಇನ್ನೊಂದು ನಷ್ಟವೂ ಉಂಟು. ಎರಡು ತಿಂಗಳು ಬೈದು, ಹೊಡೆದು, ಸಾಕಾಗಿ, ಕೊನೆಗೊಂದು ದಿನ ಮರಿಯನ್ನು ಚೀಲದಲ್ಲಿ ಹಾಕಿ ಸಂತೆಯ ಹತ್ತಿರವೋ ಘಾಟಿಯ ತಿರುವಿನಲ್ಲೋ ಬಿಟ್ಟು ಬರುವುದು ನಮ್ಮ ಕಡೆ ನಡೆಯದ ಸಂಗತಿಯೇನಲ್ಲ. ಆ ಮರಿಗೆ ಕೆಟ್ಟ ಬುದ್ಧಿ ಇತ್ತೆಂದಲ್ಲ. ಎಲ್ಲಿ ಹೋಗಬೇಕೆಂದು ಅದಕ್ಕೆ ಯಾರೂ ತೋರಿಸಿಕೊಟ್ಟಿರಲಿಲ್ಲ, ಅಷ್ಟೆ.

ನಾಯಿ ಹುಟ್ಟಿನಿಂದ ಕೊಳಕು ಪ್ರಾಣಿಯಲ್ಲ. ಮೊದಲ ಮೂರು ವಾರ ಮರಿಗೆ ತಾನಾಗಿ ಮಲಮೂತ್ರ ಮಾಡಲಿಕ್ಕೂ ಬರುವುದಿಲ್ಲ. ತಾಯಿ ನೆಕ್ಕಿದರೆ ಮಾತ್ರ ಆಗುತ್ತದೆ, ಅದನ್ನು ತಾಯಿಯೇ ತಿಂದು ಗೂಡನ್ನು ಶುಚಿಯಾಗಿಡುತ್ತದೆ. ಮೂರು ವಾರ ಕಳೆದು ಕಾಲು ಗಟ್ಟಿಯಾದೊಡನೆ ಮರಿ ತೆವಳಿಕೊಂಡಾದರೂ ಮಲಗುವ ಜಾಗದಿಂದ ದೂರ ಹೋಗಿ ತನ್ನ ಕೆಲಸ ಮುಗಿಸುತ್ತದೆ. ಮಲಗುವಲ್ಲಿ ಗಲೀಜು ಬೇಡ ಎಂಬ ತಿಳಿವಳಿಕೆ ಅದರಲ್ಲಿ ಆಗಲೇ ಇದೆ. ಇಡೀ ಮನೆಯೇ ಮಲಗುವ ಜಾಗ ಎಂಬುದನ್ನು ಮಾತ್ರ ನಾವು ಕಲಿಸಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಎಂಟು ಒಂಬತ್ತು ವಾರದ ಹೊತ್ತಿಗೆ, ಅಂದರೆ ನಮ್ಮ ಮನೆಗೆ ಬರುವ ಹೊತ್ತಿಗೇ, ಕಾಲಡಿಯಲ್ಲಿ ಎಂಥ ನೆಲವಿದ್ದರೆ ಮಲಮೂತ್ರ ಮಾಡಬಹುದು ಎಂಬುದು ಮರಿಯ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ಮಣ್ಣಿನ ಮೇಲೆ ರೂಢಿಯಾದದ್ದು ಮಣ್ಣನ್ನು ಹುಡುಕುತ್ತದೆ, ಸಿಮೆಂಟಿನ ಮೇಲೆ ರೂಢಿಯಾದದ್ದು ಸಿಮೆಂಟನ್ನು. ಈಗ ನಮ್ಮ ಮನೆಗಳ ಪದ್ಧತಿ ನೋಡಿ. ಮರಿ ಬಂತೆಂದರೆ ಹಳೆಯ ಗೋಣಿಚೀಲ ಮಡಿಸಿ ಜಗಲಿಯ ಮೂಲೆಗೆ ಹಾಕುತ್ತೇವೆ. ಮರಿಯನ್ನು ಅಲ್ಲೇ ಕಟ್ಟಿ ಹಾಕುತ್ತೇವೆ. ಬೇರೆ ದಾರಿಯಿಲ್ಲದೆ ಅದು ಗೋಣಿಯ ಮೇಲೇ ಎಲ್ಲವನ್ನೂ ಮಾಡುತ್ತದೆ. ಎರಡು ವಾರದಲ್ಲಿ ಗೋಣಿ ಎಂದರೆ ಪಾಯಖಾನೆ ಎಂಬ ಪಾಠ ಪೂರ್ತಿಯಾಗುತ್ತದೆ. ಆಮೇಲೆ ಉಗ್ರಾಣದಲ್ಲಿ ಸಾಲಾಗಿ ನಿಲ್ಲಿಸಿದ ಕಾಫಿಚೀಲಕ್ಕೂ ಅಡಿಕೆಚೀಲಕ್ಕೂ ಅದು ಹೋಗಿ ಮೂತ್ರ ಮಾಡಿದರೆ ತಪ್ಪು ಯಾರದು? ಪೇಟೆಯವರು ವೃತ್ತಪತ್ರಿಕೆ ಹಾಸಿ ಕಲಿಸುವುದೂ ಇಂಥದ್ದೇ. ಓದಲು ಕೆಳಗಿಟ್ಟ ಪತ್ರಿಕೆಯೂ ಉಳಿಯುವುದಿಲ್ಲ. ಮಲಗಲು ಹಳೆಯ ಸೀರೆಯ ಅಥವಾ ಕಂಬಳಿಯ ತುಂಡು ಕೊಡಿ. ಗೋಣಿ ಬೇಡವೇ ಬೇಡ.

ಜಾಗವನ್ನು ಮರಿ ತರುವ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಕಣದ ಕಡೆ ಬೇಡ, ತರಕಾರಿ ಪಾತಿಯ ಹತ್ತಿರ ಬೇಡ, ಆಳುಗಳು ಬರಿಗಾಲಲ್ಲಿ ಓಡಾಡುವ ದಾರಿಯಲ್ಲಿ ಬೇಡ. ಬಾವಿಯಿಂದ ದೂರ, ಇಳಿಜಾರಿನ ಕೆಳಮಗ್ಗುಲಲ್ಲಿ, ಬಿಸಿಲು ಬೀಳುವ ಕಡೆ ಆರಡಿ ಚೌಕದಷ್ಟು ನೆಲ ಸಾಕು. ಮೇಲೆ ಒಂದಿಷ್ಟು ತರಗೆಲೆ ಹರಡಿದರೆ ಮರಿಗೆ ಹಿಡಿಸುತ್ತದೆ. ಆ ನೆಲ ನಮ್ಮ ಬೇಲಿಯ ಒಳಗೇ ಇರಲಿ. ಚುಚ್ಚುಮದ್ದು ಪೂರ್ತಿಯಾಗದ ಮರಿ ಬೀದಿನಾಯಿಗಳು ತಿರುಗಾಡುವಲ್ಲಿ ಮೂಸಿದರೆ ಪಾರ್ವೋ ಬೇಧಿ ತಗಲುತ್ತದೆ, ಎಳೆಯ ಮರಿಗಳಲ್ಲಿ ಅದು ಹೆಚ್ಚಾಗಿ ಪ್ರಾಣವನ್ನೇ ತೆಗೆಯುತ್ತದೆ.

ಇನ್ನು ಹೊತ್ತಿನ ಲೆಕ್ಕ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ ತಡೆದುಕೊಳ್ಳಬಲ್ಲದು ಎಂಬುದು ಸಾಮಾನ್ಯವಾಗಿ ಹೇಳುವ ಮಾತು. ಎರಡು ತಿಂಗಳಿನದಕ್ಕೆ ಮೂರು ಗಂಟೆ ಎಂದಾಯಿತು. ಅದು ಅತಿ ಹೆಚ್ಚಿನ ಮಿತಿ, ಆಡುತ್ತಿರುವ ಮರಿಗೆ ಅಷ್ಟೂ ಆಗದು. ನಿದ್ದೆಯಿಂದ ಎದ್ದೊಡನೆ, ಉಂಡ ಕಾಲು ಗಂಟೆಗೆ, ಆಟ ಮುಗಿದಾಗ ಹೀಗೆ ಮೂರು ಹೊತ್ತು ತಪ್ಪಿಸಲೇ ಬಾರದು. ನಡುವೆ ಹಗಲಿಡೀ ಗಂಟೆಗೊಮ್ಮೆ ಕರೆದೊಯ್ದರೆ ಕಲಿಕೆ ಬೇಗ ಸಾಗುತ್ತದೆ. ನೆಲ ಮೂಸಿ ಸುತ್ತು ತಿರುಗಲು ಹೊರಟಿತೆಂದರೆ ಲೆಕ್ಕ ನೋಡುತ್ತ ಕೂರಬಾರದು, ಎತ್ತಿಕೊಂಡು ಓಡಬೇಕು. ಒಂದೇ ದಾರಿಯಲ್ಲಿ ಕರೆದೊಯ್ದು, ಅಲ್ಲಿ ಆಟವಾಡಿಸದೆ, ಐದು ನಿಮಿಷ ಸುಮ್ಮನೆ ನಿಲ್ಲಿ. ಕೆಲಸ ಮುಗಿಸಿದ ಕೂಡಲೇ ಅಲ್ಲೇ ಬೆನ್ನು ತಟ್ಟಿ ರೊಟ್ಟಿಯ ಚೂರನ್ನೋ ಬೇಯಿಸಿದ ಮೀನಿನ ಚೂರನ್ನೋ ಕೊಡಿ. ಮನೆಗೆ ಬಂದ ಮೇಲೆ ಕೊಟ್ಟರೆ ಮನೆಗೆ ಬಂದದ್ದಕ್ಕೆ ಬಹುಮಾನ ಎಂದು ಅದು ತಿಳಿಯುತ್ತದೆ.

ಊಟಕ್ಕೂ ಹೊತ್ತು ಗೊತ್ತಿರಲಿ. ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಸಲ ಸಾಕು, ತಟ್ಟೆಯಲ್ಲಿ ಉಳಿದದ್ದನ್ನು ತೆಗೆದುಬಿಡಬೇಕು. ಇಡೀ ದಿನ ಅನ್ನ ಮುಂದಿಟ್ಟರೆ ಹೊರಗೆ ಹೋಗುವುದಕ್ಕೂ ಹೊತ್ತುಗೊತ್ತಿರುವುದಿಲ್ಲ. ಕೊಟ್ಟಿಗೆಯಲ್ಲಿ ಹಾಲಿದೆ ಎಂದು ಲೋಟಗಟ್ಟಲೆ ಕುಡಿಸುವುದು ಪ್ರೀತಿಯಿಂದಲೇ ಇರಬಹುದು, ಆದರೆ ಹಸುವಿನ ಹಾಲು ಅನೇಕ ಮರಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ. ಭೇದಿಯಾದ ಮರಿಗೆ ಯಾವ ಶಿಸ್ತೂ ಹತ್ತದು.

ಇಷ್ಟನ್ನು ಒಬ್ಬರು ವಹಿಸಿಕೊಂಡು ಮಾಡಬೇಕು. ಅಜ್ಜಿ ಒಂದು ಕರೆ, ಮಕ್ಕಳು ಒಂದು ಕರೆ, ಆಳು ಇನ್ನೊಂದು ಕರೆ ಕರೆದರೆ ಮರಿಗೇನು ತಿಳಿದೀತು? (ನಾಲ್ಕು ಹೆಸರುಳ್ಳ ನಾಯಿಗಳು ನಮ್ಮ ಮನೆಗಳಲ್ಲಿ ಅಪರೂಪವಲ್ಲ.) ಕೊಯ್ಲಿನ ದಿನಗಳಲ್ಲಿ ಎಂಟರಿಂದ ನಾಲ್ಕರವರೆಗೆ ಮನೆಮಂದಿಯೆಲ್ಲ ತೋಟದಲ್ಲಿರುವುದಾದರೆ ನಮ್ಮ ಸ್ಪಷ್ಟ ಅಭಿಪ್ರಾಯ ಇದು: ಕೊಯ್ಲು ಮುಗಿಯುವವರೆಗೆ ಮರಿ ತರುವುದೇ ಬೇಡ. ಮಾರ್ಚಿನಲ್ಲೂ ಮರಿಗಳು ಸಿಗುತ್ತವೆ. ಬಂದೇ ಬಿಟ್ಟಿದ್ದರೆ ಕೊಟ್ಟಿಗೆಯ ತುದಿಯಲ್ಲಿ ಅಡಿಕೆ ದಬ್ಬೆಯಿಂದ ಸಣ್ಣ ಬೇಲಿ ಕಟ್ಟಿ, ಒಂದು ಕೊನೆಗೆ ಹಾಸು, ಇನ್ನೊಂದು ಕೊನೆಗೆ ಮಣ್ಣು ತರಗೆಲೆ ಇರುವಂತೆ ಮಾಡಿ ಬಿಡಬಹುದು. ಸರಪಳಿ ಹಾಕಿದರೆ ಇದೂ ಸಾಧ್ಯವಿಲ್ಲ. ಮಲಗಿದಲ್ಲೇ ಗಲೀಜು ಮಾಡಲು ಕಲಿಸುವುದಕ್ಕೆ ಸರಪಳಿಗಿಂತ ಒಳ್ಳೆಯ ಉಪಾಯವನ್ನು ನಾವು ಕಂಡಿಲ್ಲ.

ಒಳಗೆ ತಪ್ಪಿ ಗಲೀಜು ಮಾಡಿದರೆ ಮೂತಿಯನ್ನು ಅದಕ್ಕೇ ತಿಕ್ಕುವ ಪದ್ಧತಿ ಹಿಂದಿನಿಂದ ಬಂದಿದೆ. ಇದನ್ನು ಬಿಡಬೇಕು. ಮಾಡಿದ ಕೆಲಸಕ್ಕೂ ಬಿದ್ದ ಪೆಟ್ಟಿಗೂ ನಡುವೆ ಕೆಲವು ಕ್ಷಣ ಕಳೆದರೂ ನಾಯಿಗೆ ಎರಡರ ಸಂಬಂಧ ತಿಳಿಯದು. ಮನುಷ್ಯರ ಎದುರಿಗೆ ಮಾಡಿದರೆ ಅಪಾಯ ಎಂಬುದನ್ನಷ್ಟೇ ಅದು ಕಲಿಯುತ್ತದೆ. ಆಮೇಲೆ ಹೊರಗೆ ಕರೆದೊಯ್ದರೂ ನಿಮ್ಮ ಮುಂದೆ ಮಾಡದೆ, ಮನೆಗೆ ಬಂದು ಚೀಲಗಳ ಹಿಂದೆ ಅಡಗಿ ಮಾಡುತ್ತದೆ. ಮಾಡುತ್ತಿರುವಾಗಲೇ ಕಂಡರೆ ಒಮ್ಮೆ ಚಪ್ಪಾಳೆ ತಟ್ಟಿ, ಎತ್ತಿಕೊಂಡು ಅದರ ಜಾಗಕ್ಕೆ ಒಯ್ಯಿರಿ. ಮಾಡಿ ಮುಗಿಸಿದ್ದರೆ ಸುಮ್ಮನೆ ತೊಳೆಯಿರಿ. ಮೊದಲು ಬಟ್ಟೆಯಿಂದ ಒತ್ತಿ ಹೀರಿಸಿ, ಸಾಬೂನು ನೀರಿನಿಂದ ತೊಳೆದು, ಮೇಲೆ ನೀರು ಬೆರೆಸಿದ ವಿನೆಗರ್ ಒರೆಸಿದರೆ ವಾಸನೆ ತಗ್ಗುತ್ತದೆ. ವಾಸನೆ ಉಳಿದಲ್ಲಿಗೇ ಮರಿ ಮತ್ತೆ ಹೋಗುತ್ತದೆ. ಮಣ್ಣಿನ ನೆಲವಾದರೆ ಮೂತ್ರ ಇಂಗಿರುತ್ತದೆ. ಸಗಣಿ ಸಾರಿಸಿದರಷ್ಟೇ ಸಾಲದು, ಆ ತುಂಡು ಮಣ್ಣನ್ನೇ ಕೆತ್ತಿ ತೆಗೆದು ಹೊಸದು ತುಂಬಬೇಕು. ಗಟ್ಟಿ ಫಿನಾಯಿಲ್ ಮರಿ ನೆಕ್ಕುವ ನೆಲಕ್ಕೆ ಬೇಡ.

ಬಿಸಿಲಿರುವ ಜಾಗ ಎಂದು ಮೇಲೆ ಹೇಳಿದ್ದಕ್ಕೆ ಕಾರಣವಿದೆ. ಬಹುಪಾಲು ಮರಿಗಳು ಹುಟ್ಟುವಾಗಲೇ ತಾಯಿಯಿಂದ ಜಂತುಹುಳು ಪಡೆದಿರುತ್ತವೆ, ಹಾಲಿನ ಮೂಲಕವೂ ಬರುತ್ತದೆ. ಮಲದಲ್ಲಿ ಬೀಳುವ ಜಂತುಹುಳುವಿನ ಮೊಟ್ಟೆ ಅದೇ ದಿನ ಸೋಂಕು ತರುವುದಿಲ್ಲ. ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಕಳೆದ ಮೇಲೆ ತರುತ್ತದೆ. ಮಣ್ಣಾಡಿದ ಕೈಯನ್ನು ಬಾಯಿಗಿಡುವ ಮಕ್ಕಳಿಗೆ ಅದು ತಗಲುತ್ತದೆ. ಕೊಕ್ಕೆಹುಳುವಿನ ಮರಿ ಒಂದು ವಾರದಲ್ಲೇ ತಯಾರಾಗಿ ಬರಿಗಾಲಿನ ಚರ್ಮ ಕೊರೆದು ಒಳಹೋಗುತ್ತದೆ. ಅಡಿಕೆ ತೋಟದ ತಂಪು ನೆರಳು ಅದಕ್ಕೆ ಹೇಳಿ ಮಾಡಿಸಿದಂತಿದೆ, ಒಣ ಬಿಸಿಲು ಅದರ ಶತ್ರು. ಆದಕಾರಣ ಪ್ರತಿದಿನ ಒಂದು ಅಡಿಕೆ ಹಾಳೆಯ ತುಂಡಿನಲ್ಲಿ ಮಲವನ್ನು ಬಾಚಿ ಒಂದಡಿ ಆಳದ ಗುಂಡಿಯಲ್ಲಿ ಹೂತುಬಿಟ್ಟರೆ ಅರ್ಧ ಕಾಟ ತೀರಿತು. ಗೊಬ್ಬರದ ಗುಂಡಿಗೆ ಹಾಕಬಾರದು. ಎರಡು ವಾರದ ಪ್ರಾಯದಿಂದ ಎರಡು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತಿನ ಔಷಧಿ ಕೊಡಿಸಿ. ಮೂರು ತಿಂಗಳಿಗೆ ರೇಬೀಸ್ ಚುಚ್ಚುಮದ್ದು ಹಾಕಿಸಿ, ಮುಂದಿನ ವರಸೆಯನ್ನು ಪಶುವೈದ್ಯರಿಂದ ಬರೆಸಿಕೊಳ್ಳಿ.

ಜಂತಿನ ಮಾತು ಬಂದದ್ದರಿಂದ ಅಡಿಕೆ ಬೆಳೆಗಾರರು ತಿಳಿದಿರಬೇಕಾದ ಒಂದು ಸಂಗತಿ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವೇ ಬಹುಕಾಲ ನಾಯಿಗಳ ಲಾಡಿಹುಳುವಿಗೆ ಔಷಧಿಯಾಗಿತ್ತು. ನ್ಯೂಜಿಲೆಂಡಿನಲ್ಲಿ 1959ರ ಕಾಯಿದೆಯ ನಂತರ ಕುರಿ ಸಾಕುವ ಊರುಗಳ ನಾಯಿಗಳಿಗೆಲ್ಲ ಅದನ್ನು ಕೊಟ್ಟು ಹೊಟ್ಟೆ ತೊಳೆಯಿಸುತ್ತಿದ್ದರು. ಪ್ರಾಜಿಕ್ವಾಂಟೆಲ್ ಎಂಬ ಸೌಮ್ಯ ಔಷಧಿ ಬಂದ ಮೇಲೆ ಅದು ಹಿಂದೆ ಸರಿಯಿತು. ಹಾಗೆಂದು ಯಾರೂ ಮರಿಗೆ ಅಡಿಕೆ ತೇದು ಕುಡಿಸಲು ಹೋಗಬಾರದು. ಪ್ರಮಾಣ ತಪ್ಪಿದರೆ ಪ್ರಾಣಕ್ಕೇ ಅಪಾಯ. ಆದರೆ ಅಂಗಳದಲ್ಲಿ ಹಸಿ ಅಡಿಕೆ ಕಚ್ಚಿದ ಮರಿ ಜೊಲ್ಲು ಸುರಿಸಿ, ವಾಂತಿ ಮಾಡಿ, ಕಲಿತದ್ದನ್ನೆಲ್ಲ ಮರೆತು ನಡುಮನೆಯಲ್ಲೇ ಭೇದಿ ಮಾಡಿಕೊಂಡರೆ ಅದಕ್ಕೆ ಬೈಯಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಕಾಫಿಬೀಜ ಮತ್ತು ಕೊಕ್ಕೋ ಬೀಜವೂ ನಾಯಿಗೆ ವಿಷವೇ. ಮರಿ ಇರುವ ಮನೆಯಲ್ಲಿ ಕಣಕ್ಕೊಂದು ಬಲೆಯ ಬೇಲಿ ಹಾಕುವುದು ಮಾಲಿಗೂ ಮರಿಗೂ ಕ್ಷೇಮ.

ರಾತ್ರಿ ಮರಿ ಒಳಗೇ ಮಲಗಬೇಕು. ಅಂಗಳದಲ್ಲಿ ಕಟ್ಟಿದ ನಾಯಿಯನ್ನು ಚಿರತೆ ಎತ್ತಿಕೊಂಡು ಹೋದದ್ದು ಕೇಳದ ಮಲೆನಾಡಿನ ಊರಿಲ್ಲ. ಮರಿ ಸರಿಯಾಗಿ ಹೊರಳಾಡುವಷ್ಟೇ ಅಗಲದ ಹೆಡಿಗೆಯನ್ನೋ ಮರದ ಪೆಟ್ಟಿಗೆಯನ್ನೋ ಮಲಗುವವರ ಹತ್ತಿರ ಇಡಿ. ಅಷ್ಟು ಚಿಕ್ಕ ಜಾಗವನ್ನು ಅದು ಆದಷ್ಟು ಗಲೀಜು ಮಾಡುವುದಿಲ್ಲ, ಕುಂಯ್‌ಗುಟ್ಟಿ ಎಬ್ಬಿಸುತ್ತದೆ. ಎಬ್ಬಿಸಿದಾಗ ಟಾರ್ಚು ಹಿಡಿದು ಎದ್ದು ಹೋಗಬೇಕು, ಮರಿಯನ್ನು ಒಂಟಿಯಾಗಿ ಹೊರಗೆ ಬಿಡಬಾರದು. ಎರಡು ಮೂರು ವಾರ ನಿದ್ದೆ ಕೆಡುತ್ತದೆ. ನಾಲ್ಕು ತಿಂಗಳ ಹೊತ್ತಿಗೆ ಹೆಚ್ಚಿನ ಮರಿಗಳು ರಾತ್ರಿ ಹತ್ತರಿಂದ ಬೆಳಗಿನ ಹಾಲು ಕರೆಯುವ ಹೊತ್ತಿನವರೆಗೆ ತಡೆಯುತ್ತವೆ.

ಜನವರಿಯಲ್ಲಿ ಕಲಿತ ಮರಿ ಜೂನಿನಲ್ಲಿ ಮರೆತಂತೆ ಕಾಣುವುದುಂಟು. ಅದು ಜೀವಮಾನದಲ್ಲಿ ಮೊದಲ ಬಾರಿಗೆ ನಮ್ಮ ಮಳೆ ನೋಡುತ್ತಿರುತ್ತದೆ. ಬಾಗಿಲವರೆಗೆ ಬಂದು, ಹನಿ ಮೂಗಿಗೆ ಬಿದ್ದೊಡನೆ ಹಿಂದಿರುಗಿ, ಜಗಲಿಯ ಕಂಬಕ್ಕೆ ಕಾಲೆತ್ತುತ್ತದೆ. ಮೇ ತಿಂಗಳಲ್ಲೇ ಸೌದೆಕೊಟ್ಟಿಗೆಯ ಮಾಡಿನ ಅಡಿಯಲ್ಲಿ ಎರಚಲು ತಾಗದ ಕಡೆ ಒಣಮಣ್ಣಿನ ಒಂದು ಪಟ್ಟಿ ಮಾಡಿ, ಹಳೆಯ ಜಾಗದ ಮಣ್ಣನ್ನು ಒಂದು ಬುಟ್ಟಿಯಷ್ಟು ತಂದು ಅದರ ಮೇಲೆ ಹರಡಿಡಿ. ಅದೇ ವಾಸನೆ ಹಿಡಿದು ನಾಯಿ ಅಲ್ಲಿಗೆ ಹೋಗುತ್ತದೆ. ಮೊದಲ ವಾರ ಕೊಡೆ ಹಿಡಿದು ನೀವೂ ಜೊತೆಗೆ ಹೋಗಬೇಕಾದೀತು.