ಚಿತ್ರದ ಒಡತಿ ಲಾಟಿ ಲಯೆಲ್

ಅಡಿಲೇಡ್ ನಗರದ ಉತ್ತರಕ್ಕೆ ಸುಮಾರು 12 ಕಿಲೋಮೀಟರ್ ದೂರದಲ್ಲಿ, ಕೃತಕ ಸರೋವರಗಳ ಸುತ್ತ ಬೆಳೆದು ನಿಂತಿರುವ ಮಾಸನ್ ಲೇಕ್ಸ್ ಎಂಬ ಬಡಾವಣೆಯು, ದಕ್ಷಿಣ ಧ್ರುವಪ್ರದೇಶದ ಅನ್ವೇಷಕನೆಂದು ಲೋಕವಿಖ್ಯಾತನಾದ ಡಗ್ಲಸ್ ಮಾಸನ್ನನ ಹೆಸರನ್ನು ಹೊತ್ತಿದೆ. ಅಡಿಲೇಡ್ ವಿಶ್ವವಿದ್ಯಾನಿಲಯದಲ್ಲಿ ಭೂವಿಜ್ಞಾನವನ್ನು ಬೋಧಿಸುತ್ತಿದ್ದ ಈ ಮಹನೀಯನು 1911ರ ಡಿಸೆಂಬರಿನಲ್ಲಿ ಹಿಮಖಂಡಕ್ಕೆ ಹೊರಟಾಗ, ಆತನ ತಂಡದಲ್ಲಿದ್ದ ಫ್ರಾಂಕ್ ಹರ್ಲಿ ಎಂಬ ಛಾಯಾಗ್ರಾಹಕನು ಚಲನಚಿತ್ರದ ಕ್ಯಾಮರಾವನ್ನೂ ಒಯ್ದಿದ್ದನು. ಹಿಮದ ಬಿರುಗಾಳಿಯನ್ನು ಕೂಡ ಸುರುಳಿಯಲ್ಲಿ ಹಿಡಿದು ಜನರಿಗೆ ತೋರಿಸಬಹುದೆಂಬ ಉತ್ಸಾಹವು ಆ ಕಾಲದ ಆಸ್ಟ್ರೇಲಿಯದಲ್ಲಿ ಅಷ್ಟು ಪ್ರಬಲವಾಗಿದ್ದಿತು. 1906ರಲ್ಲಿಯೇ ಒಂದು ಗಂಟೆಗೂ ಮೀರಿದ ಕಥಾಚಿತ್ರವನ್ನು ನಿರ್ಮಿಸಿದ್ದ ಆ ದೇಶದಲ್ಲಿ ಚಿತ್ರೋದ್ಯಮವು ಉಬ್ಬರದಲ್ಲಿದ್ದ 1911ನೆಯ ವರ್ಷವೇ, ಇಪ್ಪತ್ತೊಂದು ವಯಸ್ಸಿನ ನಾಟಕದ ನಟಿಯೊಬ್ಬಳು ಸಿಡ್ನಿಯಲ್ಲಿ ಕ್ಯಾಮರಾದ ಎದುರಿಗೆ ಬಂದಳು. ಮುಂದೆ ಅಡಿಲೇಡಿನ ಹಣವನ್ನೂ ಅಡಿಲೇಡಿನ ವಿಶ್ವಾಸವನ್ನೂ ಆಶ್ರಯಿಸಿ, ಆಸ್ಟ್ರೇಲಿಯದ ಮೂಕಿಚಿತ್ರಗಳಲ್ಲಿ ಅತ್ಯುತ್ತಮವಾದುದೆಂದು ಇಂದಿಗೂ ಪರಿಗಣಿತವಾಗಿರುವ ಕೃತಿಯಲ್ಲಿ ನಾಯಿಕೆಯಾಗಿ, ಆ ಬಳಿಕ ತನ್ನದೇ ಸಂಸ್ಥೆಯ ಪಾಲುದಾರಳಾಗಿ ಬೆಳೆದ ಈಕೆಯ ಹೆಸರು ಲಾಟಿ ಲಯೆಲ್.

1890ರ ಫೆಬ್ರವರಿ 23ರಂದು ಸಿಡ್ನಿಯ ಬಾಲ್ಮೇನ್ ಎಂಬಲ್ಲಿ ಹುಟ್ಟಿದ ಆಕೆಗೆ ತಂದೆತಾಯಿಗಳಿಟ್ಟ ಹೆಸರು ಶಾರ್ಲಟ್ ಈಡಿತ್ ಕಾಕ್ಸ್. ಎಳೆಯ ವಯಸ್ಸಿನಲ್ಲಿಯೇ ರಂಗವನ್ನೇರಿ, ಊರಿಂದೂರಿಗೆ ಡೇರೆ ಕೀಳುವ ನಾಟಕ ಮಂಡಳಿಯ ಕಷ್ಟಸುಖಗಳನ್ನು ಅನುಭವಿಸುತ್ತಿದ್ದ ಕಾಲದಲ್ಲಿ, ಹಿಂದೆ ನಾವಿಕನಾಗಿದ್ದು ನಟವೃತ್ತಿಯನ್ನು ಹಿಡಿದಿದ್ದ ರೇಮಂಡ್ ಲಾಂಗ್‌ಫರ್ಡನ ಪರಿಚಯವು ಆಕೆಗಾಯಿತು. ಆ ಪರಿಚಯವು ಸ್ನೇಹವಾಗಿ, ಸ್ನೇಹವು ಜೀವನಪರ್ಯಂತದ ಸಾಹಚರ್ಯವಾಗಿ ಪರಿಣಮಿಸಿತು. ಲಾಂಗ್‌ಫರ್ಡನಿಗೆ ಅದಾಗಲೇ ವಿವಾಹವಾಗಿದ್ದು, ಆತನ ಪತ್ನಿಯು ಕ್ಯಾಥೊಲಿಕ್ ಮತಸ್ಥಳಾದ ಕಾರಣ ವಿಚ್ಛೇದನಕ್ಕೆ ಸಮ್ಮತಿಸದೆ ಇದ್ದುದರಿಂದ, ಇವರಿಬ್ಬರೂ ಲೋಕದ ಕಣ್ಣಿನಲ್ಲಿ ದಂಪತಿಗಳಾಗಲಿಲ್ಲ. ಆ ಕಾಲದ ಸಮಾಜದಲ್ಲಿ ಇಂತಹ ಬಾಳಿನ ಭಾರವು ಹೆಚ್ಚಾಗಿ ಹೆಣ್ಣಿನ ಮೇಲೆಯೇ ಬೀಳುತ್ತಿದ್ದಿತೆಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

1911ರಲ್ಲಿ ತೆರೆಗೆ ಬಂದ "ದಿ ರೊಮ್ಯಾಂಟಿಕ್ ಸ್ಟೋರಿ ಆಫ್ ಮಾರ್ಗರೆಟ್ ಕ್ಯಾಚ್‌ಪೋಲ್" ಎಂಬ ಚಿತ್ರವು ಆಕೆಗೆ ಕೀರ್ತಿಯನ್ನು ತಂದಿತು. ಕುದುರೆಯನ್ನು ಕದ್ದು ಲಂಡನ್ನಿನವರೆಗೆ ಸವಾರಿ ಮಾಡಿ, ಕೊನೆಗೆ ಆಸ್ಟ್ರೇಲಿಯಕ್ಕೆ ಗಡೀಪಾರಾದ ಇಂಗ್ಲಿಷ್ ಯುವತಿಯೊಬ್ಬಳ ನಿಜಜೀವನವನ್ನು ಆಧರಿಸಿದ ಆ ಕಥೆಯಲ್ಲಿ, ನುರಿತ ಕುದುರೆಸವಾರಳಾಗಿದ್ದ ಲಾಟಿಯು ತಾನೇ ಸವಾರಿ ಮಾಡಿ ಪ್ರೇಕ್ಷಕರನ್ನು ಬೆರಗುಗೊಳಿಸಿದಳು. ಆದರೆ ಆಕೆಯ ಬುದ್ಧಿಯು ಮುಖದ ಮೇಲೆ ಬೀಳುವ ಬೆಳಕಿನಲ್ಲಿ ಮಾತ್ರ ಆಸಕ್ತವಾಗಿರಲಿಲ್ಲ. ಕಥೆಯನ್ನು ದೃಶ್ಯಗಳನ್ನಾಗಿ ವಿಂಗಡಿಸುವುದು, ಮೂಕಿಚಿತ್ರಕ್ಕೆ ಬೇಕಾದ ಬರಹದ ಫಲಕಗಳನ್ನು ಬರೆಯುವುದು, ಉಡುಪನ್ನೂ ಸನ್ನಿವೇಶದ ಸಾಮಗ್ರಿಯನ್ನೂ ಆರಿಸುವುದು, ಚಿತ್ರೀಕರಣ ಮುಗಿದ ಮೇಲೆ ಸುರುಳಿಗಳನ್ನು ಕತ್ತರಿಸಿ ಜೋಡಿಸುವುದು, ಖರ್ಚುವೆಚ್ಚದ ಲೆಕ್ಕವನ್ನು ನೋಡುವುದು, ಇವೆಲ್ಲವನ್ನೂ ಆಕೆ ಒಂದೊಂದಾಗಿ ಕರಗತ ಮಾಡಿಕೊಂಡಳು. ನಿರ್ಮಾಪಕನೆಂದರೆ ಹಣ ಹಾಕುವವನೆಂದು ನಾವು ಸಾಮಾನ್ಯವಾಗಿ ತಿಳಿಯುವುದುಂಟು. ವಾಸ್ತವದಲ್ಲಿ, ಹಣವನ್ನು ಹೊಂದಿಸುವುದರಿಂದ ಹಿಡಿದು ಕಥೆಯ ಹಕ್ಕನ್ನು ಕೊಳ್ಳುವುದು, ಕಲಾವಿದರನ್ನು ಗೊತ್ತುಮಾಡುವುದು, ಸಿದ್ಧವಾದ ಚಿತ್ರವನ್ನು ಚಿತ್ರಮಂದಿರದವರೆಗೆ ಮುಟ್ಟಿಸುವುದು ಎಂಬಲ್ಲಿಯ ತನಕ ಆದ್ಯಂತವಾಗಿ ಹೊಣೆ ಹೊರುವವರೇ ನಿರ್ಮಾಪಕರು. ಈ ಹೊಣೆಯ ಬಹುಭಾಗವನ್ನು ಲಾಟಿ ಲಯೆಲ್ ಹೊತ್ತಿದ್ದಳೆಂಬುದಕ್ಕೆ ಅವಳೊಡನೆ ದುಡಿದವರ ಸಾಕ್ಷ್ಯವಿದೆ. ಆದರೆ ಫಲಕಗಳಲ್ಲಿ ಆಕೆಯ ಹೆಸರು ಅನೇಕ ವೇಳೆ ನಟಿಯೆಂದಷ್ಟೇ ಕಾಣುತ್ತಿದ್ದಿತು.

ಈ ನಡುವೆ ಉದ್ಯಮದ ಸ್ಥಿತಿಯೇ ಬದಲಾಯಿತು. 1912-13ರ ಸುಮಾರಿಗೆ ಅಲ್ಲಿಯ ದೊಡ್ಡ ಚಿತ್ರಸಂಸ್ಥೆಗಳು ಒಂದುಗೂಡಿ, ಹಂಚಿಕೆಗೆ ಆಸ್ಟ್ರಲೇಷ್ಯನ್ ಫಿಲ್ಮ್ಸ್ ಎಂದೂ ಪ್ರದರ್ಶನಕ್ಕೆ ಯೂನಿಯನ್ ಥಿಯೇಟರ್ಸ್ ಎಂದೂ ಎರಡು ಅವಳಿ ಕಂಪನಿಗಳಾಗಿ ನಿಂತುವು. ತಮ್ಮ ದೇಶದಲ್ಲಿಯೇ ಹಾಕಿದ ಬಂಡವಾಳವನ್ನು ಗಳಿಸಿಕೊಂಡು ಬಂದ ಅಮೆರಿಕದ ಚಿತ್ರಗಳು ಅಗ್ಗದ ಬಾಡಿಗೆಗೆ ದೊರೆಯುತ್ತಿರುವಾಗ, ಸ್ವದೇಶದಲ್ಲಿ ಹೊಸದಾಗಿ ಹಣ ಸುರಿದು ಚಿತ್ರ ತೆಗೆಯುವ ಅಗತ್ಯವು ಈ ಒಕ್ಕೂಟಕ್ಕೆ ಕಾಣಲಿಲ್ಲ. ಚಿತ್ರಮಂದಿರಗಳ ಬಾಗಿಲು ಯಾರ ಕೈಯಲ್ಲಿದೆಯೋ ಅವರೇ ಚಿತ್ರದ ಹಣೆಬರಹವನ್ನು ಬರೆಯುವಂತಾಯಿತು. ಸ್ವತಂತ್ರ ನಿರ್ಮಾಪಕರೆಂದು ನಾವು ಇಂದು ಯಾರನ್ನು ಕರೆಯುತ್ತೇವೆಯೋ ಅವರ ಪಾಡು ಅಂದಿನಿಂದ ಇಂದಿನವರೆಗೆ ಬಹುಮಟ್ಟಿಗೆ ಒಂದೇ: ಚಿತ್ರವನ್ನು ತೆಗೆಯುವ ಸ್ವಾತಂತ್ರ್ಯ ದೊರೆತರೂ, ಅದನ್ನು ಜನರಿಗೆ ತೋರಿಸುವ ಸ್ವಾತಂತ್ರ್ಯವು ಬೇರೆಯವರ ವಶದಲ್ಲಿರುತ್ತದೆ.

ಸಿಡ್ನಿಯಲ್ಲಿ ದಾರಿ ಮುಚ್ಚುತ್ತ ಬಂದ ಆ ಸಮಯದಲ್ಲಿ ಇವರಿಗೆ ಆಶ್ರಯವಿತ್ತದ್ದು ಅಡಿಲೇಡ್. ಸ್ತ್ರೀಯರಿಗೆ ಮತದಾನದ ಹಕ್ಕನ್ನೂ ಶಾಸನಸಭೆಗೆ ಸ್ಪರ್ಧಿಸುವ ಹಕ್ಕನ್ನೂ 1894ರಲ್ಲಿಯೇ ಅಂಗೀಕರಿಸಿದ್ದ ದಕ್ಷಿಣ ಆಸ್ಟ್ರೇಲಿಯದ ಆ ರಾಜಧಾನಿಯಲ್ಲಿ ಸದರ್ನ್ ಕ್ರಾಸ್ ಫೀಚರ್ ಫಿಲ್ಮ್ ಕಂಪನಿಯು ಸ್ಥಾಪಿತವಾಗಿ, ಲಾಂಗ್‌ಫರ್ಡ್ ಮತ್ತು ಲಯೆಲ್ ಇವರ ಮೇಲೆ ವಿಶ್ವಾಸವಿಟ್ಟು ಬಂಡವಾಳ ಹೂಡಿತು. ಮೊದಲ ಫಲವಾದ "ದಿ ವುಮನ್ ಸಫರ್ಸ್" 1918ರ ಮಾರ್ಚಿನಲ್ಲಿ ಅಡಿಲೇಡಿನ ವಂಡರ್‌ಗ್ರಾಫ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಪುರುಷರು ಎಸಗಿದ ವಂಚನೆಗೆ ಸ್ತ್ರೀಯರು ತೆರಬೇಕಾಗುವ ದಂಡವೇ ಆ ಚಿತ್ರದ ವಸ್ತು. ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ ಮೊದಲು ಪ್ರದರ್ಶನಕ್ಕೆ ಅನುಮತಿ ದೊರೆತು ಜನಮೆಚ್ಚುಗೆಯೂ ಬಂದಿದ್ದ ಅದೇ ಚಿತ್ರವನ್ನು, ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿಯ ಸರಕಾರವು ನಿಷೇಧಿಸಿತು.

ಇಷ್ಟಾದರೂ ಅಡಿಲೇಡಿನ ಕಂಪನಿಯು ಹಿಂದೆಗೆಯಲಿಲ್ಲ. ದಕ್ಷಿಣ ಆಸ್ಟ್ರೇಲಿಯದ ಆಬರ್ನ್ ಎಂಬ ಊರಿನಲ್ಲಿ ಹುಟ್ಟಿದ ಸಿ. ಜೆ. ಡೆನಿಸ್ ಎಂಬ ಕವಿಯು, ಬೀದಿಯ ಪುಂಡನೊಬ್ಬನು ಪ್ರೇಮದಿಂದ ಸಂಸಾರಿಯಾದ ಬಗೆಯನ್ನು ಬೀದಿಯ ಆಡುನುಡಿಯಲ್ಲಿಯೇ ಹಾಡಿದ್ದ ಪದ್ಯಸಂಪುಟವನ್ನು ಅವಲಂಬಿಸಿ "ದಿ ಸೆಂಟಿಮೆಂಟಲ್ ಬ್ಲೋಕ್" ಚಿತ್ರವು ಸಿದ್ಧವಾಯಿತು. ಮೊದಲ ಮಹಾಯುದ್ಧವು ನಿಂತು ಹದಿನೈದು ದಿನಗಳು ಕಳೆದಿದ್ದ 1918ರ ನವೆಂಬರ್ 26ರಂದು, ಅಡಿಲೇಡಿನ ಪುರಭವನದಲ್ಲಿ ಅದರ ಮೊದಲ ಪ್ರದರ್ಶನವು ಜರುಗಿತು. ಸಿಡ್ನಿಯ ವುಲುಮುಲೂ ಎಂಬ ಬಡವರ ಬೀದಿಗಳಲ್ಲಿಯೇ ನಡೆದ ಚಿತ್ರೀಕರಣ, ಸೋಗಿಲ್ಲದ ಅಭಿನಯ, ಅಣಕವಿಲ್ಲದ ಹಾಸ್ಯ ಇವು ಆ ಚಿತ್ರದ ಜೀವಾಳ. ಲಾಟಿಯು ನಟಿಸಿದ ಡೋರೀನ್ ಎಂಬಾಕೆ ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಶೀಷೆಗಳಿಗೆ ಚೀಟಿ ಅಂಟಿಸುವ ಕೂಲಿಯ ಹುಡುಗಿ. ಆರ್ಥರ್ ಟಾಚರ್ಟ್ ಎಂಬ ಹಾಸ್ಯನಟನು ಅಭಿನಯಿಸಿದ ಪುಂಡನ ಜೊತೆಗೆ ಅವಳು "ರೋಮಿಯೋ ಮತ್ತು ಜೂಲಿಯೆಟ್" ನಾಟಕವನ್ನು ನೋಡಲು ಹೋಗುವ ಪ್ರಸಂಗವೊಂದಿದೆ: ರಂಗದ ಮೇಲಿನ ಕತ್ತಿವರಸೆಯನ್ನು ತನ್ನ ಬೀದಿಯ ಜಗಳವೆಂದೇ ಬಗೆದು ನಾಯಕನು ಹುರುಪುಗೊಳ್ಳುತ್ತಿರುವಾಗ, ಡೋರೀನಳು ಕಥೆಯಲ್ಲಿ ಕರಗಿಹೋಗಿದ್ದಾಳೆ. ಎದೆ ಬಡಿದುಕೊಂಡು, ಕಣ್ಣುಗಳನ್ನು ಅರಳಿಸಿ ಭಾವವನ್ನು ಸಾರುವುದೇ ಮೂಕಿಚಿತ್ರದ ವಾಡಿಕೆಯಾಗಿದ್ದ ದಿನಗಳಲ್ಲಿ, ಸಾದಾ ಉಡುಪಿನಲ್ಲಿ ಸ್ಥಿರವಾಗಿ ಕುಳಿತು, ದೃಷ್ಟಿಯೊಂದರಿಂದಲೇ ಒಳಗಿನದನ್ನು ತಿಳಿಸಿದ ಈ ಸಂಯಮವನ್ನು ಕಂಡರೆ, ಕ್ಯಾಮರಾದ ಸ್ವಭಾವವನ್ನು ಅದರ ಎರಡು ಕಡೆಯಿಂದಲೂ ಬಲ್ಲವಳು ಮಾತ್ರ ಹೀಗೆ ನಟಿಸಬಲ್ಲಳೆಂದು ನಮಗೆ ಮನದಟ್ಟಾಗುತ್ತದೆ.

ಅಂತಹ ಚಿತ್ರಕ್ಕೂ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಇ. ಜೆ. ಕ್ಯಾರಲ್ ಎಂಬ ಪ್ರದರ್ಶಕನು ಹೊಣೆ ವಹಿಸಿಕೊಂಡ ಮೇಲೆ, 1919ರ ಅಕ್ಟೋಬರಿನಲ್ಲಿ ಅದು ಮೆಲ್ಬರ್ನಿನಲ್ಲಿ ಬಿಡುಗಡೆಯಾಗಿ ಅಪೂರ್ವ ವಿಜಯವನ್ನು ಗಳಿಸಿತು. ಆ ವಿಜಯದ ಬಲದಿಂದ ಹಲವು ಚಿತ್ರಗಳು ಹೊರಬಂದುವು. 1921ರ "ದಿ ಬ್ಲೂ ಮೌಂಟನ್ಸ್ ಮಿಸ್ಟರಿ" ಎಂಬುದರಲ್ಲಿ ಲಾಟಿ ಲಯೆಲ್ಲಳ ಹೆಸರು ಸಹನಿರ್ದೇಶಕಿಯೆಂದು ಬಹಿರಂಗವಾಗಿ ನಮೂದಾಯಿತು. 1922ರಲ್ಲಿ ಇವರಿಬ್ಬರ ಹೆಸರುಗಳನ್ನೂ ಜೊತೆಯಾಗಿ ಧರಿಸಿದ ಲಾಂಗ್‌ಫರ್ಡ್-ಲಯೆಲ್ ಚಿತ್ರನಿರ್ಮಾಣ ಸಂಸ್ಥೆಯು ಹುಟ್ಟಿತು. ಹತ್ತು ವರ್ಷಗಳಿಗೂ ಮೀರಿ ಎಲೆಮರೆಯ ಕಾಯಿಯಂತಿದ್ದ ದುಡಿಮೆಗೆ ಸಂಸ್ಥೆಯ ನಾಮಫಲಕದಲ್ಲಿಯೇ ಮನ್ನಣೆ ಸಿಕ್ಕ ಸಂದರ್ಭವದು. ಆದರೆ ಕ್ಷಯರೋಗವು ಅಷ್ಟರಲ್ಲಿ ಆಕೆಯ ದೇಹವನ್ನು ಹೊಕ್ಕಿತ್ತು. ನಟಿಸಲು ಶಕ್ತಿಯಿಲ್ಲದಾಗ ಕಥೆಯ ರಚನೆಯಲ್ಲಿಯೂ ನಿರ್ಮಾಣದ ಮೇಲ್ವಿಚಾರಣೆಯಲ್ಲಿಯೂ ತೊಡಗಿದ್ದ ಆಕೆ, 1925ರ ಡಿಸೆಂಬರ್ 21ರಂದು, ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಲಾಂಗ್‌ಫರ್ಡನ ಪ್ರತಿಭೆಯೂ ಆ ಬಳಿಕ ಹಿಂದಿನ ಎತ್ತರವನ್ನು ಮುಟ್ಟಲಿಲ್ಲ. 1927ರಲ್ಲಿ ಚಿತ್ರೋದ್ಯಮವನ್ನು ಕುರಿತ ರಾಯಲ್ ಕಮಿಷನ್ನಿನ ಮುಂದೆ ಒಕ್ಕೂಟದ ವಿರುದ್ಧ ಸಾಕ್ಷ್ಯ ನುಡಿದ ಆ ನಿರ್ದೇಶಕನು, ಮುಪ್ಪಿನಲ್ಲಿ ಸಿಡ್ನಿಯ ಬಂದರುಕಟ್ಟೆಯ ರಾತ್ರಿ ಕಾವಲುಗಾರನಾಗಿ ಜೀವನ ಸಾಗಿಸಿ, 1959ರಲ್ಲಿ ನಿಧನನಾಗಿ, ಲಾಟಿಯ ಸಮಾಧಿಯಲ್ಲಿಯೇ ಮಣ್ಣಾದನು.

ಆಕೆಯ ಚಿತ್ರಗಳಲ್ಲಿ ಹೆಚ್ಚಿನವು ಇಂದು ಉಳಿದಿಲ್ಲ. "ದಿ ಸೆಂಟಿಮೆಂಟಲ್ ಬ್ಲೋಕ್" ಚಿತ್ರದ ಉತ್ತಮ ನೆಗೆಟಿವ್ 1973ರಲ್ಲಿ ಅಮೆರಿಕದ ರಾಚೆಸ್ಟರಿನ ಜಾರ್ಜ್ ಈಸ್ಟ್‌ಮನ್ ಹೌಸ್ ಸಂಗ್ರಹಾಲಯದಲ್ಲಿ, ತಪ್ಪು ಹೆಸರಿನ ಚೀಟಿ ಹೊತ್ತ ಡಬ್ಬಿಗಳಲ್ಲಿ ದೊರಕಿದುದರಿಂದ, ಆಸ್ಟ್ರೇಲಿಯದ ರಾಷ್ಟ್ರೀಯ ಚಲನಚಿತ್ರ ಭಂಡಾರವು ಅದನ್ನು ಜೀರ್ಣೋದ್ಧಾರ ಮಾಡಲು ಸಾಧ್ಯವಾಯಿತು. ಆ ದೇಶದ ಚಿತ್ರರಂಗದ ಜೀವಮಾನ ಸಾಧನೆಯ ಪ್ರಶಸ್ತಿಯು 1968ರಿಂದ ಲಾಂಗ್‌ಫರ್ಡನ ಹೆಸರೊಂದನ್ನೇ ಹೊತ್ತಿದ್ದು, ಅರ್ಧಶತಮಾನ ಸಮೀಪಿಸಿದ ಮೇಲೆ ಲಯೆಲ್ಲಳ ಹೆಸರನ್ನೂ ಸೇರಿಸಿಕೊಂಡಿತು. ತಡವಾದರೂ ಇದು ನ್ಯಾಯವೇ ಸರಿ.

ಕನ್ನಡದ ವಾಚಕರಿಗೆ ಈ ಕಥೆಯು ದೂರದ್ದೆಂದು ತೋರಬೇಕಾಗಿಲ್ಲ. ನಾಟಕರಂಗದಿಂದಲೇ ಬಂದು, 1936ರ "ಸಂಸಾರ ನೌಕೆ"ಯಿಂದ ಪ್ರಸಿದ್ಧರಾದ ಎಂ. ವಿ. ರಾಜಮ್ಮನವರು 1943ರಲ್ಲಿ "ರಾಧಾರಮಣ"ವನ್ನು ತಾವೇ ನಿರ್ಮಿಸಿ ನಟಿಸಿ, ಕನ್ನಡದ ಮೊದಲ ನಿರ್ಮಾಪಕಿಯೆನಿಸಿದರು. ಜಯಮಾಲಾ ಅವರು ನಿರ್ಮಿಸಿ ನಟಿಸಿದ "ತಾಯಿ ಸಾಹೇಬ"ವೂ, ಸೌಂದರ್ಯ ಅವರು ನಿರ್ಮಿಸಿ ನಟಿಸಿದ "ದ್ವೀಪ"ವೂ ಗಿರೀಶ ಕಾಸರವಳ್ಳಿಯವರ ನಿರ್ದೇಶನದಲ್ಲಿ ದೇಶದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲವನ್ನು ಪಡೆದುವು. ಬಹುಭಾಷೆಗಳ ವ್ಯಾಪಾರೀ ಚಿತ್ರಗಳಲ್ಲಿ ಗಳಿಸಿದ್ದ ಖ್ಯಾತಿಯನ್ನು ಬದಿಗಿರಿಸಿ, ಅಣೆಕಟ್ಟಿನ ನೀರಿನಲ್ಲಿ ಮುಳುಗುತ್ತಿರುವ ನೆಲವನ್ನು ಬಿಟ್ಟುಕೊಡದ ಹೆಣ್ಣಿನ ಪಾತ್ರಕ್ಕಾಗಿ ಸೌಂದರ್ಯ ಅವರು ಬಂಡವಾಳವನ್ನೂ ಒಡ್ಡಿದರೆಂಬುದನ್ನು ನೆನೆದಾಗ, ನಟಿಯೊಬ್ಬಳು ನಿರ್ಮಾಪಕಿಯಾಗುವುದೇಕೆಂಬ ಪ್ರಶ್ನೆಗೆ ಉತ್ತರವು ತಾನಾಗಿಯೇ ಹೊಳೆಯುತ್ತದೆ: ತನಗೆ ಒಪ್ಪುವ ಪಾತ್ರವನ್ನು ಇತರರು ಬರೆದುಕೊಡುವರೆಂದು ಕಾಯುತ್ತ ಕುಳಿತರೆ ನಟಿಯ ಆಯುಷ್ಯವೇ ಸವೆದುಹೋದೀತು.

ಮಾಸನ್ ಲೇಕ್ಸಿನಲ್ಲಾಗಲಿ ಮೈಸೂರಿನಲ್ಲಾಗಲಿ, ಚಿತ್ರರಂಗದತ್ತ ಮನಸ್ಸು ಮಾಡಿರುವ ಕನ್ನಡದ ಹೆಣ್ಣುಮಗಳಿಗೆ ಲಾಟಿ ಲಯೆಲ್ಲಳ ಬಾಳಿನಿಂದ ಸಲ್ಲುವ ಬುದ್ಧಿವಾದವು ಸ್ಪಷ್ಟವಾಗಿದೆ: ಅಭಿನಯದೊಡನೆ ಕಥೆ, ಸಂಕಲನ, ಲೆಕ್ಕ, ಹಂಚಿಕೆ ಎಂಬ ಅಂಗಗಳನ್ನೂ ಕಲಿಯಬೇಕು, ಮಾಡಿದ ಪ್ರತಿಯೊಂದು ಕೆಲಸಕ್ಕೂ ತನ್ನ ಹೆಸರನ್ನು ಕಾಣಿಸಬೇಕೆಂದು ಸಂಕೋಚವಿಲ್ಲದೆ ಕೇಳಬೇಕು. ಉಳಿದವರಾದ ನಮ್ಮ ಮೇಲೆ ಬೀಳುವ ಹೊಣೆಯೂ ಸಣ್ಣದಲ್ಲ. ಅಡಿಲೇಡಿನ ಕೆಲವು ನಾಗರಿಕರು ಹಣವನ್ನೂ ನಂಬಿಕೆಯನ್ನೂ ಹೂಡದೆ ಹೋಗಿದ್ದರೆ ಆ ಮೇರುಕೃತಿಯು ಹುಟ್ಟುತ್ತಲೇ ಇರಲಿಲ್ಲ. ಆದುದರಿಂದ ಇಂತಹ ಚಿತ್ರಗಳಿಗೆ ಟಿಕೆಟು ಕೊಂಡು ಹೋಗುವುದೂ, ಹಳೆಯ ಪ್ರತಿಗಳನ್ನೂ ನಿರ್ಮಾಣದ ಕಾಗದಪತ್ರಗಳನ್ನೂ ನಶಿಸದಂತೆ ಕಾಪಾಡುವುದೂ ಕಲಾಭಿಮಾನದ ಕಾರ್ಯರೂಪವೆಂದು ನಾವು ತಿಳಿಯತಕ್ಕದ್ದು.