ಲಂಕೆಯ ಪೇಟೆಯೂ ಕಿರುತೆರೆಯ ಪೀತಾಂಬರವೂ

ಕಾಶೀಯಾತ್ರೆಗೆ ಹೋದ ನಮ್ಮವರಲ್ಲಿ ಲಂಕೆಯನ್ನು ನೋಡದೆ ಹಿಂದಿರುಗಿದವರು ವಿರಳ. ಇದು ಸಮುದ್ರದಾಚೆಯ ಲಂಕೆಯಲ್ಲ. ವಾರಾಣಸಿಯ ದಕ್ಷಿಣದ ಅಂಚಿನಲ್ಲಿ, ಹಿಂದೂ ವಿಶ್ವವಿದ್ಯಾನಿಲಯದ ಸಿಂಹದ್ವಾರದ ಮುಂದೆ ಹಬ್ಬಿರುವ ಪೇಟೆಗೆ ಲಂಕಾ ಎಂದೇ ಹೆಸರು. ಗೋಸ್ವಾಮಿ ತುಲಸೀದಾಸರು ಅಸ್ಸಿಯ ಪರಿಸರದಲ್ಲಿ ನೆಲೆಗೊಳಿಸಿದ ರಾಮಲೀಲೆಯಲ್ಲಿ ಲಂಕೆಯ ಪ್ರಸಂಗಗಳನ್ನು ಆಡುತ್ತಿದ್ದ ಸ್ಥಳ ಇದಾದುದರಿಂದ ಆ ಹೆಸರು ನಿಂತಿತೆಂದು ಊರಿನವರು ಹೇಳುತ್ತಾರೆ. ಆಟ ಮುಗಿದು ವೇಷಗಳು ಕಳಚಿದ ಮೇಲೆಯೂ ಹೆಸರು ಮಾತ್ರ ಉಳಿದು, ಇಂದು ಔಷಧಿಯ ಅಂಗಡಿಗಳಿಗೂ ಪುಸ್ತಕದ ಅಂಗಡಿಗಳಿಗೂ ವಿದ್ಯಾರ್ಥಿಗಳ ಚಹಾದ ಅಂಗಡಿಗಳಿಗೂ ಅದೇ ವಿಳಾಸವಾಗಿದೆ. ಈ ವಿಶ್ವವಿದ್ಯಾನಿಲಯದ ಪ್ರಥಮ ಕುಲಾಧಿಪತಿಗಳು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರವರೆಂಬುದನ್ನು ನೆನೆದರೆ ಕನ್ನಡಿಗನಿಗೆ ಆ ಬಾಗಿಲ ಮುಂದೆ ನಿಂತಾಗ ಸ್ವಲ್ಪ ಅಭಿಮಾನ ಉಂಟಾಗುವುದೂ ಸಹಜ.

ಆಟ ಮುಗಿದ ಮೇಲೆ ಏನು ಉಳಿಯುತ್ತದೆ, ಉಳಿದುದನ್ನು ಯಾರು ಕೊಳ್ಳುತ್ತಾರೆ, ಕೊಂಡವರಿಗೆ ನಿಜವಾಗಿ ಕೈಗೆ ಬರುವುದೇನು ಎಂಬುದೇ ಈ ಲೇಖನದ ವಿಷಯ. ನಮ್ಮ ಹೋಟೆಲು ಬಂಧುಗಳ ಮತ್ತು ಗುಮಾಸ್ತ ಮಿತ್ರರ ಯಕ್ಷಗಾನ ಮಂಡಳಿಗಳಲ್ಲಿಯೂ ಗಣೇಶೋತ್ಸವದ ನಾಟಕ ತಂಡಗಳಲ್ಲಿಯೂ ಇಂದು ಒಂದು ಹೊಸ ಆಸೆ ಕಾಣಿಸಿಕೊಂಡಿದೆ. ದೂರದರ್ಶನದಲ್ಲಿ ತಾವು ಮೆಚ್ಚಿ ನೋಡಿದ ಪೌರಾಣಿಕ ಧಾರಾವಾಹಿಯ ಪೀತಾಂಬರವನ್ನೋ ಕಿರೀಟವನ್ನೋ ಗದೆಯನ್ನೋ ಕೊಂಡು ತಂದು ತಮ್ಮ ರಂಗಸ್ಥಳದಲ್ಲಿ ಮೆರೆಯಿಸಬೇಕೆಂಬುದೇ ಆ ಆಸೆ. ಇದನ್ನು ಹಾಸ್ಯ ಮಾಡುವುದು ತರವಲ್ಲ. ಆದರೆ ತಿಂಗಳ ಸಂಬಳದಿಂದ ಹತ್ತಿಪ್ಪತ್ತು ರೂಪಾಯಿಗಳಂತೆ ಕೂಡಿಸಿದ ಹಣವು ಕೈಬಿಡುವ ಮುನ್ನ ವಿಚಾರ ಮಾಡತಕ್ಕ ಸಂಗತಿಗಳು ಕೆಲವುಂಟು.

ಭಕ್ತಿಯಿಂದ ಹುಟ್ಟಿದ ಬೆಲೆ

ರಮಾನಂದ ಸಾಗರರ ‘ರಾಮಾಯಣ’ವು 1987ನೆಯ ಇಸವಿಯ ಜನವರಿ 25ರಂದು ಆರಂಭವಾಗಿ 1988ರ ಜುಲೈ 31ರವರೆಗೆ ಭಾನುವಾರದ ಬೆಳಿಗ್ಗೆ ಪ್ರಸಾರವಾಯಿತು. ಆ ವೇಳೆಯಲ್ಲಿ ಬೀದಿಗಳು ಬರಿದಾಗುತ್ತಿದ್ದುದನ್ನೂ, ಪೆಟ್ಟಿಗೆಗೆ ಹೂವಿನ ಹಾರ ಹಾಕಿ ಜನರು ಕೈಮುಗಿಯುತ್ತಿದ್ದುದನ್ನೂ ಹಿರಿಯ ವಾಚಕರು ಮರೆತಿರಲಾರರು. ಗುಜರಾತಿನ ಉಮರ್‌ಗಾಂವ್‌ನಲ್ಲಿ ಆ ಚಿತ್ರೀಕರಣ ನಡೆಯಿತು. ಅಯೋಧ್ಯೆಯೂ ಅಲ್ಲಿಯೇ, ಲಂಕೆಯೂ ಅಲ್ಲಿಯೇ. 2020ರಲ್ಲಿ ಮಹಾಮಾರಿಯ ದಿಗ್ಬಂಧನದ ಕಾಲಕ್ಕೆ ಅದೇ ಧಾರಾವಾಹಿಯನ್ನು ಮಾರ್ಚ್ 28ರಿಂದ ಪುನಃ ಪ್ರಸಾರ ಮಾಡಿದಾಗ ಮೊಮ್ಮಕ್ಕಳೂ ಅಜ್ಜಂದಿರ ಪಕ್ಕದಲ್ಲಿ ಕುಳಿತು ನೋಡಿದರು. ಜನರ ಕಣ್ಣಿಗೆ ದೇವರ ಉಡುಗೆಯಾಗಿ ಕಂಡ ವಸ್ತ್ರಕ್ಕೆ ಬಟ್ಟೆಯ ಬೆಲೆಗಿಂತ ಮಿಗಿಲಾದ ಬೆಲೆ ಬರುವುದು ಆಶ್ಚರ್ಯವಲ್ಲ. ಉತ್ತರ ಹಿಂದೂಸ್ಥಾನದ ಅನೇಕ ಕಡೆಗಳಲ್ಲಿ ದಸರೆಯ ದಿನ ರಾವಣನ ಪ್ರತಿಮೆ ಸುಟ್ಟ ಮೇಲೆ ಅರೆಬೆಂದ ಬಿದಿರಿನ ಚೂರನ್ನು ಜನರು ಮನೆಗೊಯ್ಯುತ್ತಾರೆ. ಅದೂ ಇದೇ ಮನೋಧರ್ಮದ ಇನ್ನೊಂದು ರೂಪ.

ಪಶ್ಚಿಮ ದೇಶಗಳಲ್ಲಿ ಈ ಮನೋಧರ್ಮವು ದೊಡ್ಡ ವ್ಯಾಪಾರವಾಗಿದೆ. 2024ರ ಅಕ್ಟೋಬರಿನಲ್ಲಿ ಅಮೇರಿಕದ ಡಲ್ಲಾಸ್ ನಗರದಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಎಂಬ ಧಾರಾವಾಹಿಯ ಉಡುಪು, ಕತ್ತಿ, ಕವಚ ಮೊದಲಾದ ಒಂಬೈನೂರಕ್ಕೂ ಹೆಚ್ಚಿನ ಸಾಮಗ್ರಿಗಳನ್ನು ಹರಾಜು ಹಾಕಿದಾಗ ಎರಡು ಕೋಟಿ ಡಾಲರಿಗೂ ಮಿಕ್ಕಿ ಹಣ ಬಂದಿತು. ಅದರಲ್ಲಿ ‘ಕಬ್ಬಿಣದ ಸಿಂಹಾಸನ’ ಒಂದಕ್ಕೇ ಸುಮಾರು 14 ಲಕ್ಷ 90 ಸಾವಿರ ಡಾಲರು. ಆದರೆ ಹೆಸರಿಗೆ ಕಬ್ಬಿಣವಾದ ಆ ಆಸನವು ವಾಸ್ತವದಲ್ಲಿ ಅಚ್ಚೊತ್ತಿ ಬಣ್ಣ ಬಳಿದ ಪ್ಲಾಸ್ಟಿಕ್ಕು! ಅದೇ ಧಾರಾವಾಹಿಯ ಕಾವಲು ಭಟರ ಹೆಗಲ ಮೇಲಿನ ಭಾರವಾದ ತುಪ್ಪುಳ ಚರ್ಮಗಳಲ್ಲಿ ಕೆಲವು ಸಾಮಾನ್ಯ ಗೃಹೋಪಕರಣದ ಅಂಗಡಿಯಲ್ಲಿ ಸಿಗುವ ನೆಲಹಾಸುಗಳೆಂದು ಅದರ ಉಡುಪು ವಿನ್ಯಾಸಕಿಯೇ ಹೇಳಿದ್ದಾರೆ. ಇದರಲ್ಲಿ ಮೋಸವೇನೂ ಇಲ್ಲ. ಕ್ಯಾಮೆರಾಕ್ಕೆ ಬೇಕಾದುದು ತೋರಿಕೆ. ತೂಕ, ಬಾಳಿಕೆಗಳು ಅದರ ಲೆಕ್ಕಕ್ಕೆ ಬರುವುದಿಲ್ಲ.

ವಿವಾದವೂ ಇಲ್ಲದಿಲ್ಲ. 2006ರಲ್ಲಿ ನ್ಯೂಯಾರ್ಕಿನಲ್ಲಿ ‘ಸ್ಟಾರ್ ಟ್ರೆಕ್’ ಸಾಮಗ್ರಿಗಳ ಹರಾಜು ನಡೆಯಿತು. ಅಲ್ಲಿ ಇಸ್ಪೀಟಾಟದ ದೃಶ್ಯದ ಟೋಪಿಯೊಂದನ್ನು ಕೊಂಡವನು ನಟನ ಹಸ್ತಾಕ್ಷರಕ್ಕಾಗಿ ಹೋದನು. ‘ಅಸಲು ಟೋಪಿಯನ್ನು ನಾನು ಹಿಂದೆಯೇ ಮಾರಿದ್ದೇನೆ’ ಎಂದು ನಟನು ಹೇಳಿದನೆಂದು ಅವನು ನ್ಯಾಯಾಲಯದ ಮೆಟ್ಟಲು ಹತ್ತಿದನು. ಪಟ್ಟಿ, ಮೊಹರು, ಪ್ರಮಾಣಪತ್ರ ಇದ್ದಲ್ಲಿಯೇ ಹೀಗಾದರೆ, ಪತ್ರವಿಲ್ಲದೆ ಬಾಯಿಮಾತಿನಿಂದ ನಡೆಯುವ ನಮ್ಮ ಪೇಟೆಯ ವಿಷಯವನ್ನು ವಿಸ್ತರಿಸಬೇಕಾಗಿಲ್ಲ.

ಉಳಿಕೆ ಎಲ್ಲಿ ಹೋಗುತ್ತದೆ?

ನಮ್ಮಲ್ಲಿ ಪೌರಾಣಿಕ ವೇಷಗಳು ಬಹುಮಟ್ಟಿಗೆ ಬಾಡಿಗೆಯವು. ಮುಂಬಯಿಯ ಡ್ರೆಸ್‌ವಾಲಾಗಳು ಕೊಟ್ಟ ಉಡುಪು ಚಿತ್ರೀಕರಣ ಮುಗಿದೊಡನೆ ಅವರ ಕಪಾಟಿಗೆ ಹಿಂದಿರುಗಿ, ಅಂಚು ಬದಲಾಗಿ ಇನ್ನೊಬ್ಬ ರಾಜನ ಮೈಯೇರುತ್ತದೆ. ನಿರ್ಮಾಪಕರು ಸ್ವಂತ ಹಣದಿಂದ ಹೊಲಿಸಿದುದು ಅವರ ಉಡುಪಿನ ಕೋಣೆ ಸೇರಿ, ಮುಂದಿನ ಕಥೆಯಲ್ಲಿ ಪರಿವಾರದವರ ಉಡುಗೆಯಾಗುತ್ತದೆ. ಅರಮನೆಯ ಕಂಬಗಳು ಪ್ಲೈವುಡ್ಡು ಮತ್ತು ಗಾರೆ, ಅವು ಗುಜರಿಗೆ. ಆದುದರಿಂದ ಪ್ರಸಿದ್ಧ ಧಾರಾವಾಹಿಯ ನಾಯಕನು ತೊಟ್ಟ ಅಸಲು ವಸ್ತ್ರವು ಬೀದಿಯ ಮಾರಾಟಕ್ಕೆ ಬರುವ ಸಂಭವವು ಸ್ವಲ್ಪವೇ. ಬರುವುದು ಹೆಚ್ಚಾಗಿ ಹೊಲಿಗೆಯ ನಂತರ ಮಿಕ್ಕ ತಾನು, ಕಟ್‌ಪೀಸು, ಗುಂಪಿನವರ ಉತ್ತರೀಯ, ಮುರಿದ ಕಿರೀಟ.

ಉಳಿಸಿಕೊಂಡವರ ಪಾಡೂ ಯಾವಾಗಲೂ ಸುಖಕರವಲ್ಲ. ಚೆಂಬೂರಿನ ಆರ್.ಕೆ. ಸ್ಟುಡಿಯೋದಲ್ಲಿ ದಶಕಗಳಿಂದ ಕಾಪಾಡಿದ್ದ ಚಲಚ್ಚಿತ್ರದ ಉಡುಪುಗಳು 2017ರ ಸೆಪ್ಟೆಂಬರ್ 16ರ ಬೆಂಕಿಯಲ್ಲಿ ಬೂದಿಯಾದುವು. ಅಂದು ಹೊತ್ತಿಕೊಂಡುದು ಒಂದು ದೂರದರ್ಶನ ನೃತ್ಯ ಕಾರ್ಯಕ್ರಮದ ರಂಗಸಜ್ಜಿಕೆ. 2019ರಲ್ಲಿ ಆ ಸ್ಥಳವೂ ಮಾರಾಟವಾಯಿತು.

ಕನ್ನಡ ನಾಡಿನಲ್ಲಿ ಇದಕ್ಕಿಂತ ಸಮಾಧಾನಕರವಾದ ಉದಾಹರಣೆಯೊಂದುಂಟು. ಶಂಕರನಾಗರು ಆರ್.ಕೆ. ನಾರಾಯಣರ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಎಂಬ ಧಾರಾವಾಹಿಯಾಗಿ ಆಗುಂಬೆಯಲ್ಲಿ ಚಿತ್ರೀಕರಿಸಿದರು. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣವೇ ಅದರಲ್ಲಿ ಮಾಲ್ಗುಡಿಯ ನಿಲ್ದಾಣವಾಯಿತು. ರೈಲ್ವೆಯವರು ಆ ಹಳೆಯ ಕಟ್ಟಡವನ್ನು ದುರಸ್ತಿಗೊಳಿಸಿ, ಧಾರಾವಾಹಿಯ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜರ ಕೈಯಿಂದಲೇ ಅದನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡಿಸಿದ್ದಾರೆ. ಯಾರೊಬ್ಬರ ಕಪಾಟಿಗೂ ಹೋಗದೆ, ಎಲ್ಲರ ನೆನಪು ಎಲ್ಲರಿಗೂ ದಕ್ಕಿತು.

ಎರಡು ಲಂಕೆಗಳ ಪಾಠ

ಕಾಶಿಯ ಲಂಕೆಯಿಂದ ಸಾಮ್ನೆ ಘಾಟಿನ ಸೇತುವೆ ದಾಟಿದರೆ ರಾಮನಗರ. ಅಲ್ಲಿ ಕಾಶೀರಾಜರ ಆಶ್ರಯದಲ್ಲಿ ಸುಮಾರು 1830ರಿಂದ ನಡೆದುಬಂದ ರಾಮಲೀಲೆಯು ಒಂದು ತಿಂಗಳ ಕಾಲ ಸಾಗುತ್ತದೆ. ಧ್ವನಿವರ್ಧಕವಿಲ್ಲ, ವಿದ್ಯುದ್ದೀಪವಿಲ್ಲ, ಪಂಜು ಮತ್ತು ಗ್ಯಾಸ್‌ಲೈಟು. ಊರಿನ ಬೇರೆ ಬೇರೆ ಸ್ಥಳಗಳೇ ಅಯೋಧ್ಯೆ, ಜನಕಪುರ, ಲಂಕೆ. ಪ್ರೇಕ್ಷಕರು ರಾಮನ ಹಿಂದೆ ನಡೆಯುತ್ತಾರೆ. ರಾಕ್ಷಸರ ಬೃಹತ್ ಪ್ರತಿಮೆಗಳನ್ನು ಬಿದಿರು ಕಾಗದಗಳಿಂದ ಕಟ್ಟುವವರಲ್ಲಿ ತಲೆಮಾರುಗಳಿಂದ ಬಂದ ಮುಸಲ್ಮಾನ ಕುಶಲಕರ್ಮಿಗಳಿದ್ದಾರೆ. ರಾಮಲೀಲೆಯ ಪರಂಪರೆಯನ್ನು ಯುನೆಸ್ಕೋ ಸಂಸ್ಥೆಯು 2005ರಲ್ಲಿ ಮಾನ್ಯ ಮಾಡಿತು. ಇಲ್ಲಿ ರಾವಣನನ್ನು ಸುಡುತ್ತಾರೆ. ಅವನನ್ನು ಮರುವರ್ಷ ಮತ್ತೆ ಕಟ್ಟುವ ವಿದ್ಯೆಯು ಮಾತ್ರ ಸುಡದೆ ಉಳಿಯುತ್ತದೆ. ಉಮರ್‌ಗಾಂವ್‌ನ ಲಂಕೆಯನ್ನು ಕಿತ್ತರೆ ಉಳಿದುದು ಹಲಗೆ. ರಾಮನಗರದ ಲಂಕೆಯನ್ನು ಸುಟ್ಟರೆ ಉಳಿದುದು ಕಸುಬು.

ಕಾಶಿಗೆ ಬಂದ ಕಲಾಪ್ರೇಮಿಯು ಕೊಳ್ಳಲೇಬೇಕೆಂದರೆ ಆ ಕಸುಬಿನ ವಸ್ತುವನ್ನೇ ಕೊಳ್ಳಬಹುದು. ಮೊದಲು ಲಂಕೆಯ ಸಿಂಹದ್ವಾರದೊಳಗೆ ಹೋಗಿ ವಿಶ್ವವಿದ್ಯಾನಿಲಯದ ಭಾರತ ಕಲಾಭವನದಲ್ಲಿರುವ ಹಳೆಯ ಬನಾರಸೀ ವಸ್ತ್ರಗಳನ್ನು ಕಣ್ತುಂಬ ನೋಡಬೇಕು. ಬಳಿಕ ಮದನಪುರದ ನೇಕಾರರ ಕೇರಿಗೆ ಹೋಗಬೇಕು. ಬನಾರಸೀ ಜರತಾರಿ ವಸ್ತ್ರಗಳಿಗೆ 2009ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. ಮಗ್ಗದಲ್ಲಿ ನೇಯ್ದುದಕ್ಕೂ ಯಂತ್ರದಲ್ಲಿ ಬಂದುದಕ್ಕೂ ಬೆಲೆಯಲ್ಲಿ ಬಹಳ ಅಂತರವುಂಟು; ಎರಡನ್ನೂ ಒಂದೇ ಹೆಸರಿನಿಂದ ಮಾರುವವರೂ ಉಂಟು. ಅಸಲು ಜರಿಯೆಂದರೆ ರೇಷ್ಮೆಯ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟುದು. ನಕಲಿಯಲ್ಲಿ ತಾಮ್ರವಿರುತ್ತದೆ, ಅದಕ್ಕೂ ಕೆಳಗಿನದು ಬರಿಯ ಪ್ಲಾಸ್ಟಿಕ್ ಹಾಳೆಯ ಎಳೆ. ವೇಷಕ್ಕೆ ನಕಲಿ ಜರಿ ಸಾಕು. ಆದರೆ ನಕಲಿಗೆ ನಕಲಿಯ ಬೆಲೆಯನ್ನೇ ಕೊಡತಕ್ಕದ್ದು.

ಬೆಂಕಿಯ ಪರೀಕ್ಷೆ

ಹಣಕ್ಕಿಂತಲೂ ಮುಖ್ಯವಾದ ಸಂಗತಿಯೊಂದನ್ನು ಹೇಳದೆ ಈ ಲೇಖನ ಮುಗಿಯಲಾರದು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನನ್ನು ಕುರಿತ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹತ್ತಿ 62 ಜನರು ಪ್ರಾಣ ಕಳೆದುಕೊಂಡರು. ಗೋಡೆಗಳಿಗೆ ಹೊದಿಸಿದ್ದ ಗೋಣಿಗಳು ಹೊತ್ತಿಕೊಂಡ ಬಗೆಯನ್ನು ಆಗಿನ ವರದಿಗಳು ತಿಳಿಸಿವೆ. ಸತ್ತವರು ಹೆಚ್ಚಾಗಿ ಹೆಸರಿಲ್ಲದ ಕೆಲಸಗಾರರು, ನಮ್ಮ ನಿಮ್ಮಂಥವರು.

ಕಿರುತೆರೆಯ ಮಿರುಗುವ ಬಟ್ಟೆಗಳಲ್ಲಿ ಪಾಲಿಯೆಸ್ಟರ್ ಬಹಳ. ಅಲ್ಲಿ ದೀಪದ ಜ್ವಾಲೆಯ ದೃಶ್ಯವನ್ನು ಎಚ್ಚರದಿಂದ ಬೇರೆಯಾಗಿ ತೆಗೆಯಬಹುದು. ನಮ್ಮ ರಂಗದ ಮೇಲೆ ಆರತಿಯೂ ಪಂಜೂ ವೇಷಧಾರಿಯ ಮೊಳದಳತೆಯಲ್ಲಿಯೇ ಇರುತ್ತವೆ. ಒಂದು ಎಳೆಯನ್ನು ಕಿತ್ತು ಸುಟ್ಟು ನೋಡಿದರೆ ಬಟ್ಟೆಯ ಜಾತಿ ತಿಳಿಯುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ. ಹತ್ತಿಯಾದರೆ ಕಾಗದದ ವಾಸನೆ, ಬೇಗ ಹಬ್ಬುವ ಉರಿ. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅದು ಮೈಗೆ ಅಂಟಿದರೆ ಚರ್ಮವನ್ನೂ ಬಿಡಿಸಿಕೊಂಡೇ ಬರುತ್ತದೆ. ಒಲೆಯ ಮುಂದೆ ಕೆಲಸ ಮಾಡುವವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಕೊಳ್ಳುವ ಮೊದಲು

ಹಳೆಯ ರುಬ್ಬುವ ಯಂತ್ರವನ್ನು ಕೊಳ್ಳುವ ಹೋಟೆಲಿನವನು ಹೊರಗಿನ ಬಣ್ಣವನ್ನು ನೋಡದೆ ಕಲ್ಲನ್ನು ನೋಡುತ್ತಾನೆ. ಇನ್ನೊಂದು ಹೋಟೆಲಿನ ಹೆಸರನ್ನು ಹೇಳಿ ಮಾರಿದರೆ ಅದಕ್ಕೆ ಹೆಚ್ಚಿನ ಹಣ ಕೊಡುವುದಿಲ್ಲ. ವೇಷಕ್ಕೂ ಅದೇ ನ್ಯಾಯ. ಕಿರೀಟವು ಅಚ್ಚಿನ ಫೈಬರಿನದೋ, ಒಳಬದಿಯಲ್ಲಿ ಬಿರುಕಿದೆಯೋ, ಒಂದು ರಾತ್ರಿಯ ಬೆವರನ್ನೂ ಕುಣಿತವನ್ನೂ ತಡೆಯುವುದೋ ಎಂದು ಪರೀಕ್ಷಿಸಬೇಕು. ಕುಳಿತು ಮಾತಾಡುವ ಕಿರುತೆರೆಯ ರಾಜನ ಕಿರೀಟವು ಧೀಂಗಿಣ ತೆಗೆಯುವ ನಮ್ಮ ಅರ್ಜುನನಿಗೆ ಒದಗುವುದು ಕಷ್ಟ. ಬಡಗುತಿಟ್ಟಿನ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಹಗುರವಾದ ಮರದಲ್ಲಿ ಕೆತ್ತಿ ಬೇಗಡೆ ಅಂಟಿಸಿದ ಹಿರಿಯರು ದಾರಿದ್ರ್ಯದಿಂದ ಹಾಗೆ ಮಾಡಿದವರಲ್ಲ. ಕುಣಿಯುವ ದೇಹದ ಲೆಕ್ಕ ತಿಳಿದು ಮಾಡಿದರು. ಚೌಕಳಿಯ ಕಸೆ ಸೀರೆಯು ದೀವಟಿಗೆಯ ಬೆಳಕಿನಲ್ಲಿ ಕೊಡುವ ಶೋಭೆಯನ್ನು ಮಿರುಗುವ ತಾನು ಕೊಡಲಾರದು.

ಒಂದು ಮಂಡಳಿಯ ಬಳಿ ಇಪ್ಪತ್ತು ಸಾವಿರ ರೂಪಾಯಿಗಳಿವೆಯೆಂದು ಎಣಿಸೋಣ. ‘ಇದನ್ನು ಇಂಥ ನಟನು ತೊಟ್ಟಿದ್ದನು’ ಎಂಬ ಮಾತಿಗೆ ಅದರಲ್ಲಿ ಅರ್ಧ ತೆತ್ತರೆ, ಬಟ್ಟೆಗೆ ದಕ್ಕಿದುದು ಉಳಿದರ್ಧ ಮಾತ್ರ. ಅದೇ ಹಣವನ್ನು ಊರಿನ ವೇಷಭೂಷಣದ ಕುಶಲಕರ್ಮಿಗೆ ಕೊಟ್ಟರೆ ವೇಷವೂ ಬಂದಿತು, ರಿಪೇರಿಗೆ ಆಳೂ ಸಿಕ್ಕಿತು, ಅವನ ಮಗನು ಆ ಕೆಲಸ ಬಿಟ್ಟು ಪಟ್ಟಣಕ್ಕೆ ಓಡುವುದೂ ತಪ್ಪಿತು. ಆಸೆ ತಡೆಯಲಾರದವರು ಒಂದು ಉತ್ತರೀಯವನ್ನೋ ಒಂದು ಗದೆಯನ್ನೋ ನೆನಪಿಗಾಗಿ, ತಮ್ಮ ಸ್ವಂತ ಜೇಬಿನಿಂದ, ರಸೀದಿ ಪಡೆದು ಕೊಳ್ಳಲಿ, ಅದರಲ್ಲಿ ದೋಷವಿಲ್ಲ. ಮಂಡಳಿಯ ಹುಂಡಿಗೆ ಮಾತ್ರ ಕೈಹಾಕದಿರಲಿ. ಆ ಹುಂಡಿಯಲ್ಲಿರುವುದು ರಾತ್ರಿ ಹನ್ನೊಂದಕ್ಕೆ ಮೇಜು ಒರೆಸಿ, ಆಮೇಲೆ ತಾಳ ಹಿಡಿದು ಅಭ್ಯಾಸಕ್ಕೆ ಬರುವ ಹುಡುಗರ ದುಡ್ಡು.