ನಿಮಗಿದು ಗೊತ್ತೆ? ಹಿತ್ತಲೇ ಆಟಿಕೆಯ ಅಂಗಡಿ!

● ತುಳುನಾಡಿನಲ್ಲಿ ಆಟಿ ತಿಂಗಳ ಆಟ ಚೆನ್ನೆಮಣೆ. 14 ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಳು ಇದ್ದರೆ ಆಟಕ್ಕೆ ಸಿದ್ಧ. ಮಣೆ ಇಲ್ಲದಿದ್ದರೆ ಅಂಗಳದ ಮಣ್ಣಿನಲ್ಲೇ ಗುಳಿ ತೋಡಿಕೊಳ್ಳಬಹುದು. ಕಾಳು ಹಂಚುತ್ತ, ಎದುರಾಳಿಯ ನಡೆ ಊಹಿಸುತ್ತ ಮಕ್ಕಳು ಲೆಕ್ಕ ಕಲಿಯುತ್ತಾರೆ.

● ಉದುರಿದ ಅಡಿಕೆ ಹಾಳೆಯೇ ಗಾಡಿ: ಅಗಲದ ಕಡೆ ಒಬ್ಬರು ಕೂತರೆ, ಸೋಗೆ ಹಿಡಿದು ಇನ್ನೊಬ್ಬರು ದರದರ ಎಳೆಯುತ್ತಾರೆ. ತೆಂಗಿನ ಗರಿಯಲ್ಲಿ ಪೀಪಿ, ವಾಚು, ಗಿರಿಗಿಟ್ಲೆ ಎಲ್ಲವೂ ಆಗುತ್ತದೆ.

● ಕೋಲು, ಕಲ್ಲು, ಮರಳು, ನೀರಿನಂಥ ಬಿಡಿ ವಸ್ತುಗಳು ಹೆಚ್ಚಿದಷ್ಟೂ ಮಕ್ಕಳ ಸೃಜನಶೀಲತೆಗೆ ಅವಕಾಶ ಹೆಚ್ಚು ಎಂದು ಬ್ರಿಟನ್ನಿನ ಸೈಮನ್ ನಿಕೋಲ್ಸನ್ 1971ರಲ್ಲೇ ಪ್ರತಿಪಾದಿಸಿದ್ದರು.

● ಆಟ ಮಕ್ಕಳ ಹಕ್ಕು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಇದನ್ನು ಹೇಳುತ್ತದೆ. ಭಾರತ 1992ರಲ್ಲಿ ಇದನ್ನು ಒಪ್ಪಿಕೊಂಡಿದೆ.

● ಎಚ್ಚರ: ಕೆಂಪು ಮೈಗೆ ಕಪ್ಪು ಚುಕ್ಕೆಯಿರುವ ಗುಲಗಂಜಿ ವಿಷಕಾರಿ, ಮಕ್ಕಳ ಕೈಗೆ ಕೊಡಬೇಡಿ. ಯಾವ ಕಾಳನ್ನೂ ಬಾಯಿಗೆ ಹಾಕಲು ಬಿಡಬೇಡಿ.

ಮಂಗಳೂರಿನಲ್ಲಿ ಫ್ಲ್ಯಾಟಿನಲ್ಲಿದ್ದೀರಾ? ರಜೆಯಲ್ಲಿ ಮಕ್ಕಳನ್ನು ಪಣಂಬೂರಿನ ಮರಳಿಗೋ ಕದ್ರಿ ಪಾರ್ಕಿಗೋ ಕರೆದೊಯ್ಯಿರಿ. ಬಟ್ಟೆ ಮಣ್ಣಾದರೆ ಆಗಲಿ, ಒಗೆದರಾಯಿತು!